ಡಾರ್ಕ್‌ರೂಮ್ ಸಾಮಾನು ತರುವ ಶನಿವಾರ

ಅಮೆರಿಕದ ಸಿಯರ್ಸ್‌ನಂಥ ದೊಡ್ಡ ಅಂಗಡಿಗಳಲ್ಲಿ ಬಟ್ಟೆಬರೆ, ಹೊಲಿಗೆ ಯಂತ್ರಗಳ ಜೊತೆ ಕ್ಯಾಮೆರಾ, ಕತ್ತಲ ಕೋಣೆಯಲ್ಲಿ ಫೋಟೋ ತೊಳೆದು ಪ್ರಿಂಟ್ ಮಾಡುವ ಡಾರ್ಕ್‌ರೂಮ್ ಸಾಮಾನೂ ಒಂದೇ ಸೂರಿನಡಿ ಸಿಗುತ್ತಿತ್ತು. ಎಂಬತ್ತರ ದಶಕದ ಬೆಂಗಳೂರಿನಲ್ಲಿ ಅದೇ ಸಾಮಾನಿಗೆ ಊರು ಸುತ್ತಬೇಕಿತ್ತು: ಪೇಪರಿಗೆ ಫೋಟೋ ಗೂಡ್ಸ್ ಅಂಗಡಿ, ಚಿತ್ರ ಮೂಡಿಸುವ ಮೆಟಾಲ್ ಪುಡಿಗೆ ಕೆಮಿಕಲ್ ಅಂಗಡಿ, ಬಿಳಿಗಾರಕ್ಕೆ ಗ್ರಂಧಿಗೆ ಅಂಗಡಿ, ಬಟ್ಟಿ ಇಳಿಸಿದ ನೀರಿಗೆ ಬ್ಯಾಟರಿ ಅಂಗಡಿ. ಆ ಸುತ್ತಾಟ ನನಗೆ ಇವತ್ತಿಗೂ ಪ್ರಿಯ. ರಾತ್ರಿ ಪ್ರಿಂಟ್ ಹೇಗೆ ಬರುತ್ತದೆ ಅನ್ನುವುದು ಮಧ್ಯಾಹ್ನ ಅಂಗಡಿಯಲ್ಲೇ ಬಹುಪಾಲು ತೀರ್ಮಾನವಾಗಿರುತ್ತಿತ್ತು.

ಎಂ.ಜಿ. ರಸ್ತೆಯಲ್ಲಿ ಜಿ.ಕೆ. ವೇಲ್ ಇತ್ತು, ಪೇಟೆ ಕಡೆ ಸ್ಟುಡಿಯೋದವರಿಗೆ ಮಾಲು ಕೊಡುವ ಸಣ್ಣ ಅಂಗಡಿಗಳಿದ್ದವು. ಸಣ್ಣ ಅಂಗಡಿಯ ಯಜಮಾನರ ಮೊದಲ ಪ್ರಶ್ನೆ, "ನೆಗೆಟಿವ್ ತಂದಿದ್ದೀರಾ ಸಾರ್?" ಟ್ಯೂಬ್‌ಲೈಟಿಗೆ ಹಿಡಿದು ನೋಡಿ, ಕಪ್ಪು ಬಿಳುಪಿನ ಅಂತರ ಕಮ್ಮಿಯಿದ್ದರೆ ಅದನ್ನು ಹೆಚ್ಚಿಸುವ ಗ್ರೇಡ್ ಮೂರರ ಪೇಪರ್, ಸರಿಯಿದ್ದರೆ ಎರಡರದು ಎಂದು ಹೇಳಿಬಿಡುತ್ತಿದ್ದರು. ಹೆಚ್ಚಾಗಿ ಕೊಡುತ್ತಿದ್ದುದು 'ಇಂದು' ಎಂಬ ಹೆಸರಿನ ಬ್ರೋಮೈಡ್ ಪೇಪರ್. ಅದನ್ನು ಮಾಡುತ್ತಿದ್ದ ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ 1960ರಲ್ಲಿ ಸ್ಥಾಪನೆಯಾಗಿ 1967ರಲ್ಲಿ ಉತ್ಪಾದನೆ ಶುರುಮಾಡಿದ ಸರ್ಕಾರಿ ಕಾರ್ಖಾನೆ.

ಫಿಲ್ಮಿಗೆ ಎರಡು ದಾರಿ. ಸೀಲಾದ ರೋಲು ಕೊಳ್ಳಬಹುದು, ಇಲ್ಲವೇ 30.5 ಮೀಟರಿನ ಡಬ್ಬದಿಂದ ಕತ್ತರಿಸಿ ಹಳೆಯ ಕ್ಯಾಸೆಟ್‌ಗೆ ತುಂಬಿದ 'ಲೋಡೆಡ್ ರೋಲ್' ಕೊಳ್ಳಬಹುದು. ಒಂದು ಡಬ್ಬದಿಂದ 36 ಫೋಟೋಗಳ ರೋಲುಗಳು ಸುಮಾರು 18 ಬರುತ್ತವೆ, ಹಾಗಾಗಿ ಅಗ್ಗ. ತೊಂದರೆ ಇರುವುದು ಕ್ಯಾಸೆಟ್ಟಿನ ಬಾಯಿಯ ಮಖಮಲ್ಲಿನಲ್ಲಿ. ಅಲ್ಲಿ ಒಂದು ಮರಳಿನ ಕಣ ಸಿಕ್ಕಿಕೊಂಡಿದ್ದರೆ ಇಡೀ ರೋಲಿನ ಉದ್ದಕ್ಕೂ ನೇರ ಗೀರು ಬೀಳುತ್ತದೆ, ಯಾವ ರಿಟಚಿಂಗಿಗೂ ಬಗ್ಗುವುದಿಲ್ಲ. ಮಖಮಲ್ಲು ಸವೆದಿದ್ದರಂತೂ ಬೆಳಕೇ ಒಳಗೆ ನುಗ್ಗುತ್ತದೆ. ಬಾಯಿ ನೋಡದೆ ಲೋಡೆಡ್ ರೋಲ್ ತೆಗೆದುಕೊಳ್ಳಬಾರದು.

ಕೆಮಿಕಲ್ ಅಂಗಡಿಗೆ ಹೋಗುವಾಗ ಜೇಬಿನಲ್ಲಿ ಡಿ-76 ಎಂಬ ಡೆವಲಪರಿನ, ಅಂದರೆ ಫಿಲ್ಮಿನಲ್ಲಿ ಚಿತ್ರ ಮೂಡಿಸುವ ದ್ರಾವಣದ, ಚೀಟಿ ಇರಬೇಕು: ಮೆಟಾಲ್ 2 ಗ್ರಾಂ, ಸೋಡಿಯಂ ಸಲ್ಫೈಟ್ 100 ಗ್ರಾಂ, ಹೈಡ್ರೋಕ್ವಿನೋನ್ 5 ಗ್ರಾಂ, ಬಿಳಿಗಾರ 2 ಗ್ರಾಂ, ಎಲ್ಲಾ ಕರಗಿಸಿ ಒಂದು ಲೀಟರ್. ಇಲ್ಲಿ ಹೆಚ್ಚು ಜನ ಎಡವುವುದು ಸಲ್ಫೈಟಿನಲ್ಲಿ. ಚೀಟಿಯಲ್ಲಿರುವ 100 ಗ್ರಾಂ ನೀರಿನಂಶವಿಲ್ಲದ ಪುಡಿಯ ಲೆಕ್ಕ. ಅಂಗಡಿಯವರು ಹರಳಿನದನ್ನು ಕೊಟ್ಟರೆ 200 ಗ್ರಾಂ ಹಾಕಬೇಕು, ಏಕೆಂದರೆ ಅದರ ಅರ್ಧ ತೂಕ ನೀರೇ. ಗಂಟುಗಟ್ಟಿದ ಹಳೆಯ ಸಲ್ಫೈಟ್ ಬೇಡವೇ ಬೇಡ. ಅದು ಗಾಳಿ ಕುಡಿದು ಸಲ್ಫೇಟ್ ಆಗಿರುವ ಸಾಧ್ಯತೆ ಹೆಚ್ಚು. ಡೆವಲಪರನ್ನು ಕಾಯುವ ಶಕ್ತಿ ಅದಕ್ಕಿರುವುದಿಲ್ಲ. ಮೆಟಾಲ್ ಬೆಳ್ಳಗಿರಬೇಕು, ಕಂದು ತಿರುಗಿದ್ದರೆ ವಾಪಸು ಕೊಡಬೇಕು. ಕೆಲವರಿಗೆ ಮೆಟಾಲ್ ತಾಗಿದರೆ ಬೆರಳ ಸಂದಿಯಲ್ಲಿ ತುರಿಕಜ್ಜಿಯಂತೆ ಏಳುತ್ತದೆ. ಅಂಥವರು ಇಕ್ಕಳ, ಕೈಗವಸು ಇಲ್ಲದೆ ಮುಟ್ಟಬಾರದು. ಎರಡು ಗ್ರಾಂ ತೂಗಲು ಅಡುಗೆಮನೆಯ ತಕ್ಕಡಿ ಸಾಲದು, ಅಕ್ಕಸಾಲಿಗರ ತಕ್ಕಡಿಯೇ ಬೇಕು.

ಬೆರೆಸುವ ಕ್ರಮವೂ ಮುಖ್ಯ. 50 ಡಿಗ್ರಿಯ 750 ಮಿಲಿ ನೀರಿಗೆ ಮೊದಲು ಒಂದು ಚಿಟಿಕೆ ಸಲ್ಫೈಟ್, ಆಮೇಲೆ ಮೆಟಾಲ್. ಅದು ಪೂರ್ತಿ ಕರಗಿದ ಮೇಲೆ ಉಳಿದ ಸಲ್ಫೈಟ್, ನಂತರ ಹೈಡ್ರೋಕ್ವಿನೋನ್, ಕೊನೆಗೆ ಬಿಳಿಗಾರ. ಸಲ್ಫೈಟನ್ನೆಲ್ಲ ಮೊದಲೇ ಸುರಿದರೆ ಮೆಟಾಲ್ ಕರಗುವುದಿಲ್ಲ. ಬೋರ್‌ವೆಲ್ಲಿನ ಗಡಸು ನೀರಾದರೆ ನೆಗೆಟಿವ್ ಮೇಲೆ ಬಿಳಿ ಚುಕ್ಕೆ ಕೂರುತ್ತದೆ. ಬ್ಯಾಟರಿ ನೀರಿನ ಖರ್ಚು ಅದಕ್ಕೇ.

ಮೂಡಿದ ಚಿತ್ರವನ್ನು ಕಾಯಂ ಮಾಡುವ, ಅಂದರೆ ಫಿಕ್ಸ್ ಮಾಡುವ, ಹೈಪೋ ಲೀಟರಿಗೆ 250 ಗ್ರಾಂ. ಹರಳು ಕರಗುವಾಗ ನೀರು ಕೊರೆಯುವಷ್ಟು ತಣ್ಣಗಾಗುತ್ತದೆ, ಆದ್ದರಿಂದ ಬಿಸಿ ನೀರಲ್ಲೇ ಶುರುಮಾಡಬೇಕು. ಆದರೆ 25 ಗ್ರಾಂ ಪೊಟ್ಯಾಸಿಯಂ ಮೆಟಾಬೈಸಲ್ಫೈಟ್ ಸೇರಿಸುವುದು ತಣಿದ ಮೇಲೆಯೇ. ಬಿಸಿಯಲ್ಲಿ ಹಾಕಿದರೆ ಗಂಧಕ ಬೇರ್ಪಟ್ಟು ಹಾಲಿನಂತಾಗಿ ಇಡೀ ದ್ರಾವಣ ಕೆಡುತ್ತದೆ. ಬೇಸಿಗೆಯಲ್ಲಿ ಫಿಲ್ಮಿನ ಮೇಲಿನ ಎಮಲ್ಷನ್ ಪದರ ಮೆತ್ತಗಾಗದಂತೆ ಪಟಿಕ ಬಳಸುವವರು ಅದನ್ನು ಬೇರೆ ಟ್ರೇಯಲ್ಲಿಟ್ಟರೆ ಒಳ್ಳೆಯದು. ಹುಳಿ ಸಾಲದ ಹೈಪೋಗೆ ಬಿದ್ದರೆ ಬಿಳಿ ಗಸಿ ಕಟ್ಟುತ್ತದೆ. ಇನ್ನು ಡೆವಲಪರ್ 20 ಡಿಗ್ರಿಗೆ ಇಳಿಯಬೇಕಾದರೆ ಹೊರಗಿನ ಟ್ರೇಗೆ ಐಸ್ ಹಾಕಬೇಕು, ಡೆವಲಪರಿಗಲ್ಲ. 25 ಡಿಗ್ರಿಯಲ್ಲೇ ಮಾಡುವುದಾದರೆ ಸಮಯ ಮೂರನೇ ಒಂದರಷ್ಟು ತಗ್ಗಿಸಬೇಕು. ಐದು ನಿಮಿಷಕ್ಕಿಂತ ಕೆಳಗಿಳಿದರೆ ಮಾತ್ರ ಚಿತ್ರದ ಆಕಾಶದಲ್ಲಿ ಮೋಡವಿಲ್ಲದ ಕಡೆಯೂ ಪಟ್ಟೆ ಕಾಣುತ್ತದೆ.

ಕೊನೆಯ ಅಂಗಡಿ ಎಲೆಕ್ಟ್ರಿಕಲ್ಸ್. ಪೇಪರ್ ಕಪ್ಪಾಗದಂಥ ಬೆಳಕಿಗೆ ಬೇಕಾದ ಕೆಂಪು ಜೀರೋ ಬಲ್ಬನ್ನು ಅಗ್ಗದ ಸಾಮಾನೆಂದು ಅಲಕ್ಷ್ಯ ಮಾಡಿದರೆ ಉಳಿದೆಲ್ಲವೂ ವ್ಯರ್ಥ. ಬಣ್ಣ ಬಳಿದ ಬಲ್ಬುಗಳಲ್ಲಿ ಕ್ಯಾಪಿನ ಹತ್ತಿರ ಬಿಳಿ ಬೆಳಕು ಸೋರುತ್ತದೆ. ರಾತ್ರಿ ಮೊದಲ ಕೆಲಸವೇ ಪೇಪರಿನ ತುಂಡಿನ ಮೇಲೆ ನಾಣ್ಯವಿಟ್ಟು, ಬಲ್ಬಿನ ಕೆಳಗೆ ಐದು ನಿಮಿಷ ಬಿಟ್ಟು ಡೆವಲಪ್ ಮಾಡುವುದು. ನಾಣ್ಯದ ದುಂಡು ಕಂಡರೆ ಬಲ್ಬು ಬದಲಿಸಬೇಕು, ಇಲ್ಲವೇ ದೂರ ಸರಿಸಬೇಕು.

ಊಟಿಯ ಕಾರ್ಖಾನೆ ನಿಂತುಹೋಗಿದೆ. ಅಲ್ಲಿನ ಪೇಪರನ್ನು ಹೊಸದಾಗಿ ಕೊಳ್ಳುವ ಸುಖ ಇನ್ನಿಲ್ಲ ಅನ್ನುವುದು ನನಗೆ ನಿಜವಾದ ದುಃಖ. ಬಿಳಿಗಾರ, ಪಟಿಕ ಗ್ರಂಧಿಗೆ ಅಂಗಡಿಯಲ್ಲಿ ಈಗಲೂ ಇವೆ; ಮೆಟಾಲ್ ಲ್ಯಾಬ್ ಸಾಮಾನಿನವರ ಹತ್ತಿರ ಬಾಟಲಿ ಲೆಕ್ಕದಲ್ಲಿ ಸಿಗುತ್ತದೆ. ಮುಚ್ಚಿದ ಸ್ಟುಡಿಯೋಗಳ ಬೀರುವಿನಿಂದ ಹಳೆಯ 'ಇಂದು' ಪೇಪರಿನ ಡಬ್ಬಿ ಸಿಕ್ಕರೆ ಎಸೆಯಬೇಡಿ. ಕತ್ತಲಲ್ಲಿ ಎರಡು ಚೂರು ಕತ್ತರಿಸಿ, ಒಂದನ್ನು ಡೆವಲಪ್ ಮಾಡಿ ಫಿಕ್ಸ್ ಮಾಡಿ, ಇನ್ನೊಂದನ್ನು ಬರೀ ಫಿಕ್ಸ್ ಮಾಡಿ ಅಕ್ಕಪಕ್ಕ ಇಡಿ. ಮೊದಲನೆಯದು ಬೂದು ಬಣ್ಣಕ್ಕೆ ತಿರುಗಿದ್ದರೆ ಡೆವಲಪರಿನ ಲೀಟರಿಗೆ, ಆ ಮಸುಕನ್ನು ತಡೆಯುವ ಬೆಂಜೋಟ್ರಯಜೋಲ್‌ನ ಶೇ. 1ರ ದ್ರಾವಣ 10 ಮಿಲಿ ಸೇರಿಸಿ, ಎಕ್ಸ್‌ಪೋಷರ್ ಸ್ವಲ್ಪ ಹೆಚ್ಚಿಸಿ ನೋಡಿ. ಹಳೆಯ ಪೇಪರಿನ ಕಾಂಟ್ರಾಸ್ಟ್ ಕುಗ್ಗಿರುತ್ತದೆ, ಆದ್ದರಿಂದ ಗ್ರೇಡ್ ಎರಡು, ಮೂರು ಎರಡೂ ಸಿಕ್ಕರೆ ಮೂರನ್ನೇ ಆರಿಸಿಕೊಳ್ಳಿ.