ಎದುರುಬದುರು ಎರಡು ಕೋರ್ಟು, ಒಂದರಲ್ಲಿ ನಾಟಕ

ಐರ್ಲೆಂಡಿನ ಪಶ್ಚಿಮ ಕರಾವಳಿಯ ಗಾಲ್ವೇ ನಗರದಲ್ಲಿ ಕೋರ್ಟ್‌ಹೌಸ್ ಸ್ಕ್ವೇರ್ ಎಂಬ ಪುಟ್ಟ ಚೌಕವಿದೆ. ಅಲ್ಲಿ ನಿಂತರೆ ಎರಡು ಹಳೆಯ ಕಲ್ಲಿನ ಕಟ್ಟಡಗಳು ಒಂದನ್ನೊಂದು ನೋಡುತ್ತ ನಿಂತಿರುವುದು ಕಾಣುತ್ತದೆ. ದಪ್ಪ ಕಂಬಗಳ ಮುಖಮಂಟಪ ಇರುವುದು 1812ರಿಂದ 1815ರ ನಡುವೆ ಕಟ್ಟಿದ ಕೌಂಟಿ ಕೋರ್ಟು. ಅಲ್ಲಿ ಇಂದಿಗೂ ಕಲಾಪ ನಡೆಯುತ್ತದೆ. ಎದುರಿನದು ಟೌನ್‌ಹಾಲ್ ಥಿಯೇಟರ್. 1820ರ ದಶಕದ ಈ ಕಟ್ಟಡ ಹುಟ್ಟಿದ್ದೂ ಕೋರ್ಟಾಗಿಯೇ.

ಅಷ್ಟು ಚಿಕ್ಕ ಊರಿಗೆ ಅಕ್ಕಪಕ್ಕದಲ್ಲೇ ಎರಡು ಕೋರ್ಟು ಏಕೆ ಬೇಕಿತ್ತು ಎಂದರೆ, 1610ರ ರಾಜ ಸನ್ನದಿನ ಪ್ರಕಾರ ಗಾಲ್ವೇ ಪಟ್ಟಣವೇ ಒಂದು ಪ್ರತ್ಯೇಕ ಕೌಂಟಿಯಾಗಿತ್ತು. ಪಟ್ಟಣದ ವ್ಯಾಜ್ಯ ಪಟ್ಟಣದ ನ್ಯಾಯಾಧೀಶರಿಗೆ, ಸುತ್ತಲಿನ ಹಳ್ಳಿಗಳ ವ್ಯಾಜ್ಯ ಕೌಂಟಿಯವರಿಗೆ. ಈ ಭೇದ ಹೋದ ಮೇಲೆ ಪಟ್ಟಣದ ಕೋರ್ಟು ಪುರಭವನವಾಯಿತು, ಇಪ್ಪತ್ತನೆಯ ಶತಮಾನದಲ್ಲಿ ಸಿನಿಮಾ ಟಾಕೀಸಾಯಿತು. 1990ರ ದಶಕದಲ್ಲಿ ನಗರಪಾಲಿಕೆ ಅದನ್ನು ರಂಗಮಂದಿರವಾಗಿ ನವೀಕರಿಸಿತು. ಈಗಲೂ ಅದು ಪಾಲಿಕೆಯ ಆಸ್ತಿಯೇ. ನಮ್ಮೂರುಗಳ ಪುರಭವನಗಳನ್ನು ನೆನೆಸಿಕೊಂಡರೆ ಈ ಮಾತಿಗೆ ಬೆಲೆ ಇದೆ: ಹಳೆಯ ಸಾರ್ವಜನಿಕ ಕಟ್ಟಡವನ್ನು ಮಾರದೆ, ಬೀಗ ಹಾಕದೆ, ವರ್ಷವಿಡೀ ನಾಟಕ ನಡೆಯುವ ಜಾಗವಾಗಿ ಉಳಿಸಿಕೊಂಡಿದ್ದಾರೆ.

ಹೋಗುವವರು ಒಂದು ವಿಷಯ ಮೊದಲೇ ತಿಳಿದಿರಬೇಕು. ಈ ಕಟ್ಟಡದ ಇತಿಹಾಸ ಕಾಣುವುದು ಹೊರಗೆ. ಒಳಗೆ ಕಟಕಟೆಯಾಗಲಿ ನ್ಯಾಯಾಧೀಶರ ಪೀಠವಾಗಲಿ ಸಿಗುವುದಿಲ್ಲ. ವೇದಿಕೆ, ಆಸನ, ದೀಪ ಎಲ್ಲವೂ ರಂಗಮಂದಿರವಾದ ಕಾಲದವು. ಆದ್ದರಿಂದ ಹಗಲು ಹೊತ್ತಿನಲ್ಲಿ ಬಂದು ಬಾಗಿಲಲ್ಲಿ ಇಣುಕಿ ಹೋದರೆ ಏನೂ ದಕ್ಕದು. ಟಿಕೆಟ್ ತೆಗೆದುಕೊಂಡು ನಾಟಕ ನೋಡಬೇಕು, ಮತ್ತು ಆಟ ಶುರುವಾಗುವ ಒಂದು ಗಂಟೆ ಮೊದಲೇ ಬಂದು ಚೌಕವನ್ನು ನಿಧಾನವಾಗಿ ಸುತ್ತಬೇಕು.

ಆ ಒಂದು ಗಂಟೆಯಲ್ಲಿ ಕೋರ್ಟಿನ ಪಕ್ಕದ ಸಾಲ್ಮನ್ ವಿಯರ್ ಸೇತುವೆಗೆ ನಡೆದು ಹೋಗಿ. 1818ರ ಕಲ್ಲಿನ ಸೇತುವೆ ಅದು. ಕೋರ್ಟಿನಲ್ಲಿ ಶಿಕ್ಷೆಯಾದವರನ್ನು ಕೊರಿಬ್ ನದಿಯ ಆಚೆ ದಡದ ಸೆರೆಮನೆಗೆ ಕರೆದೊಯ್ಯುತ್ತಿದ್ದುದು ಇದರ ಮೇಲೆಯೇ. ಸೆರೆಮನೆ ಈಗಿಲ್ಲ, ಅದೇ ನೆಲದ ಮೇಲೆ 1965ರಲ್ಲಿ ಮುಗಿದ ಕ್ಯಾಥೆಡ್ರಲ್ ನಿಂತಿದೆ, ಅದರ ಹಸಿರು ಗುಮ್ಮಟ ದೂರದಿಂದಲೇ ಕಾಣುತ್ತದೆ. ಸೇತುವೆಯ ಕಟ್ಟೆಗೆ ಒರಗಿ ಕೆಳಗೆ ನೋಡಿ. ಮೇ ತಿಂಗಳಿಂದ ಜುಲೈವರೆಗೆ, ನೀರು ತಿಳಿಯಾಗಿದ್ದರೆ, ಸಮುದ್ರದಿಂದ ಮೇಲೇರಿ ಬಂದ ಸಾಲ್ಮನ್ ಮೀನುಗಳು ಹರಿವಿಗೆ ಎದುರಾಗಿ ಬಾಲ ಅಲುಗಿಸುತ್ತ ನಿಂತಲ್ಲೇ ನಿಂತಿರುತ್ತವೆ. ಮೊದಲ ನೋಟಕ್ಕೆ ಕಪ್ಪು ಕಲ್ಲುಗಳಂತೆ ತೋರುತ್ತವೆ. ಎರಡು ನಿಮಿಷ ಕಣ್ಣು ನೆಟ್ಟರೆ ಒಂದು ಕಲ್ಲು ಪಕ್ಕಕ್ಕೆ ಸರಿಯುತ್ತದೆ, ಆಗ ಗೊತ್ತಾಗುತ್ತದೆ. ಹಳೆಯ ಸೇತುವೆಯ ಪಾದಚಾರಿ ದಾರಿ ಇಕ್ಕಟ್ಟು. 2023ರಲ್ಲಿ ಪಕ್ಕದಲ್ಲೇ ನಡೆಯುವವರಿಗೂ ಸೈಕಲ್ಲಿನವರಿಗೂ ಹೊಸ ಸೇತುವೆ ತೆರೆದಿದ್ದಾರೆ. ವಯಸ್ಸಾದ ಅಪ್ಪ ಅಮ್ಮನ ಜೊತೆ ಬಂದವರಿಗೆ ಅದೇ ಅನುಕೂಲ.

ಡಬ್ಲಿನ್‌ನಿಂದ ಬರಲು ಹ್ಯೂಸ್ಟನ್ ನಿಲ್ದಾಣದಲ್ಲಿ ರೈಲು ಹತ್ತಿದರೆ ಸುಮಾರು ಎರಡೂವರೆ ಗಂಟೆ. ಡಬ್ಲಿನ್ ವಿಮಾನ ನಿಲ್ದಾಣದಿಂದ ನೇರ ಕೋಚ್‌ಗಳೂ ಇವೆ. ರೈಲು ಇಳಿದು ಐರ್ ಸ್ಕ್ವೇರ್ ದಾಟಿ, ಎಗ್ಲಿಂಟನ್ ಸ್ಟ್ರೀಟ್ ಹಿಡಿದು, ಫ್ರಾನ್ಸಿಸ್ಕನ್ ಅಬ್ಬೆ ಚರ್ಚಿನ ಮುಂದೆ ನೇರ ನಡೆದರೆ ಹತ್ತು ನಿಮಿಷದಲ್ಲಿ ಚೌಕ ಸಿಗುತ್ತದೆ. ಟ್ಯಾಕ್ಸಿ ಬೇಡ. ಮಳೆ ಮಾತ್ರ ಯಾವಾಗ ಬೇಕಾದರೂ ಬರಬಹುದು. ಛತ್ರಿ ನಂಬಬೇಡಿ: ಅಟ್ಲಾಂಟಿಕ್ ಕಡೆಯಿಂದ ಬೀಸುವ ಗಾಳಿ ಮಳೆಯನ್ನು ಅಡ್ಡಡ್ಡ ಹೊಡೆಯುತ್ತದೆ, ಛತ್ರಿ ತಿರುವುಮುರುವಾಗುತ್ತದೆ. ತಲೆಗವಸು ಇರುವ ಮಳೆಕೋಟೇ ಸರಿ.

ಟಿಕೆಟ್ ವಿಷಯಕ್ಕೆ ಬಂದರೆ, ಮುಖ್ಯ ಪ್ರೇಕ್ಷಾಂಗಣದಲ್ಲಿ ಸುಮಾರು 400 ಆಸನಗಳಿವೆ. ಐವತ್ತರಷ್ಟು ಜನ ಕೂರುವ ಸ್ಟುಡಿಯೋ ಬೇರೆ. ವೃತ್ತಿ ತಂಡಗಳ ನಾಟಕಕ್ಕೆ 20ರಿಂದ 30 ಯೂರೋ ಎಂದು ಲೆಕ್ಕ ಇಟ್ಟುಕೊಳ್ಳಿ. ವಿದ್ಯಾರ್ಥಿಗಳಿಗೆ, ಹಿರಿಯರಿಗೆ ರಿಯಾಯಿತಿ ಇದೆಯೇ ಎಂದು ಬುಕಿಂಗ್ ಮಾಡುವಾಗಲೇ ನೋಡಿ. ಗಾಲಿಕುರ್ಚಿ ಬೇಕಾದವರು, ಮೆಟ್ಟಿಲು ಹತ್ತಲಾಗದವರು ಆನ್‌ಲೈನ್‌ನಲ್ಲಿ ತೆಗೆದುಕೊಳ್ಳುವ ಬದಲು ಕೌಂಟರಿಗೆ ಫೋನ್ ಮಾಡಿ ಕೇಳುವುದು ಒಳ್ಳೆಯದು. ಹಲವರು ಎಡವುವ ಜಾಗ ಇನ್ನೊಂದು: ಇದೇ ಆಡಳಿತ ಡೈಕ್ ರೋಡಿನಲ್ಲಿ ಬ್ಲ್ಯಾಕ್ ಬಾಕ್ಸ್ ಎಂಬ ಮತ್ತೊಂದು ರಂಗಮಂದಿರವನ್ನೂ ನಡೆಸುತ್ತದೆ, ಎರಡರ ಟಿಕೆಟ್ಟೂ ಒಂದೇ ಕಡೆ ಸಿಗುತ್ತದೆ. ಟಿಕೆಟ್ಟಿನ ಮೇಲೆ ಯಾವ ಹೆಸರಿದೆ ಎಂದು ಓದಿಕೊಳ್ಳದೆ ಹೊರಟರೆ ಆಟ ಶುರುವಾಗುವ ಹೊತ್ತಿಗೆ ಮಳೆಯಲ್ಲಿ ಓಡಬೇಕಾಗುತ್ತದೆ.

ಜುಲೈ ತಿಂಗಳಲ್ಲಿ ಚಲನಚಿತ್ರೋತ್ಸವ, ಅದರ ಬೆನ್ನಿಗೇ ಅಂತರರಾಷ್ಟ್ರೀಯ ಕಲಾ ಉತ್ಸವ, ಅದು ಮುಗಿಯುವ ಹೊತ್ತಿಗೆ ಕುದುರೆ ರೇಸಿನ ವಾರ. ಊರು ಅತ್ಯಂತ ಚೆಂದವಾಗಿರುವ ಕಾಲವೂ ಇದೇ, ಹೋಟೆಲ್ ಕೋಣೆ ಕೈಗೆಟುಕದ ಕಾಲವೂ ಇದೇ. ಕೋಣೆ ಸಿಕ್ಕ ಮೇಲೆ ಟಿಕೆಟ್ ನೋಡಿ, ತಿರುಗಾಮುರುಗಾ ಮಾಡಬೇಡಿ. ಏಪ್ರಿಲ್‌ನ ಕೂರ್ಟ್ ಸಾಹಿತ್ಯೋತ್ಸವ ಇನ್ನೂ ಆರಾಮ. ಚಿಕ್ಕ ಮಕ್ಕಳಿದ್ದರೆ ಅಕ್ಟೋಬರ್‌ನಲ್ಲಿ ಮಕ್ಕಳಿಗೆಂದೇ ನಡೆಯುವ ಬಬೋರೊ ಉತ್ಸವಕ್ಕೆ ಬನ್ನಿ.

ಈ ವೇದಿಕೆಯ ಹೆಸರು ಹೊರಜಗತ್ತಿಗೆ ಮುಟ್ಟಿದ್ದು ಶುರುವಿನಲ್ಲೇ. 1996ರ ಫೆಬ್ರುವರಿ 1ರಂದು ಊರಿನದೇ ಆದ ಡ್ರೂಯಿಡ್ ತಂಡ ಮಾರ್ಟಿನ್ ಮೆಕ್‌ಡೊನಾ ಬರೆದ 'ದ ಬ್ಯೂಟಿ ಕ್ವೀನ್ ಆಫ್ ಲೀನೇನ್' ನಾಟಕವನ್ನು ಇಲ್ಲಿ ಮೊದಲ ಬಾರಿ ಆಡಿತು. ಅದೇ ನಾಟಕ ಲಂಡನ್ ದಾಟಿ ನ್ಯೂಯಾರ್ಕಿನ ಬ್ರಾಡ್‌ವೇ ಮುಟ್ಟಿ 1998ರಲ್ಲಿ ಅಲ್ಲಿನ ರಂಗಭೂಮಿಯ ದೊಡ್ಡ ಗೌರವವಾದ ಟೋನಿ ಪ್ರಶಸ್ತಿಯನ್ನು ನಾಲ್ಕು ವಿಭಾಗಗಳಲ್ಲಿ ಗಳಿಸಿತು. ನಾಟಕ ನಿರ್ದೇಶನಕ್ಕೆ ಟೋನಿ ಪಡೆದ ಮೊದಲ ಮಹಿಳೆ ಅದರ ನಿರ್ದೇಶಕಿ ಗ್ಯಾರಿ ಹೈನ್ಸ್. ಕನಮಾರಾ ಗುಡ್ಡಗಳ ನಡುವಿನ ಒಂದು ಮನೆಯ ತಾಯಿ ಮಗಳ ಜಗಳ ಅಷ್ಟು ದೂರ ಹೋಗಿದ್ದು ನಾನೂರು ಆಸನಗಳ ಈ ಪುರಭವನದಿಂದ.

ಇಂಥ ನಾಟಕಗಳನ್ನು ನೋಡುವಾಗ ಇಂಗ್ಲಿಷ್ ಚೆನ್ನಾಗಿ ಬಲ್ಲ ನಮ್ಮವರೂ ಮೊದಲ ಹತ್ತು ನಿಮಿಷ ತಬ್ಬಿಬ್ಬಾಗುತ್ತಾರೆ. ಉಚ್ಚಾರದ ಜೊತೆಗೆ ವ್ಯಾಕರಣವೂ ಇದಕ್ಕೆ ಕಾರಣ. ಪಶ್ಚಿಮ ಐರ್ಲೆಂಡಿನವರ ಇಂಗ್ಲಿಷಿನ ಒಡಲಲ್ಲಿ ಐರಿಶ್ ಭಾಷೆ ಇದೆ. 'ಐ ಆಮ್ ಆಫ್ಟರ್ ಲೂಸಿಂಗ್ ದ ಕೀ' ಎಂದರೆ ಕೀಲಿಕೈಯನ್ನು ಈಗಷ್ಟೇ ಕಳೆದುಕೊಂಡೆ ಎಂದರ್ಥ. 'ಗಿವಿಂಗ್ ಔಟ್' ಎಂದರೆ ಬೈಯುವುದು. 'ಯೋಕ್' ಎಂದರೆ ನಾವು ಹೆಸರು ಹೊಳೆಯದಾಗ ಹೇಳುವ 'ಅದೇ, ಅದು'. 'ಯೀ' ಎಂದು ಕೇಳಿದರೆ ಅದು ಬಹುವಚನದ 'ನೀವು'. ಎದುರಿಗೆ ಒಬ್ಬನೇ ಇದ್ದರೆ 'ಯೂ'. ಆದರೆ 'ಯೀ'ಯಲ್ಲಿ ನಮ್ಮ 'ನೀವು'ವಿನ ಗೌರವದ ಅರ್ಥವಿಲ್ಲ, ಸಂಖ್ಯೆ ಮಾತ್ರ. ಈ ನಾಲ್ಕು ಗೊತ್ತಿದ್ದರೆ ಅರ್ಧ ದಾರಿ ಸವೆದಂತೆ. ಆಗುವುದಾದರೆ ನಾಟಕದ ಕಥಾಸಾರವನ್ನು ಮೊದಲೇ ಓದಿಕೊಳ್ಳಿ.

ಸಂಜೆಯ ಆಟ ಹೆಚ್ಚಾಗಿ ಎಂಟಕ್ಕೆ. ಬೆಂಗಳೂರಿನ ರಂಗಶಂಕರದ ಶಿಸ್ತು ಕಂಡವರಿಗೆ ಹೊಸದಾಗಿ ಹೇಳಬೇಕಿಲ್ಲ. ತಡವಾದರೆ ಬಾಗಿಲಲ್ಲೇ ಕಾಯಬೇಕಾದೀತು. ಒದ್ದೆ ಕೋಟನ್ನು ತೊಡೆಯ ಮೇಲೆ ಇಟ್ಟುಕೊಂಡರೆ ಎರಡು ಗಂಟೆ ಚಳಿ, ಮಡಚಿ ಆಸನದ ಅಡಿಗೆ ತಳ್ಳಿ. ಮಧ್ಯಂತರ ಹದಿನೈದು ಇಪ್ಪತ್ತು ನಿಮಿಷ, ಬಾರಿನ ಸಾಲು ಅಷ್ಟರಲ್ಲಿ ಕರಗುವುದಿಲ್ಲ. ಮಧ್ಯಂತರದ ಪಾನೀಯಕ್ಕೆ ಮೊದಲೇ ಹೇಳಿ ಇಡಬಹುದೇ ಎಂದು ಆಟಕ್ಕೆ ಮುಂಚೆ ವಿಚಾರಿಸಿ. ಐರ್ಲೆಂಡಿನಲ್ಲಿ ಕೆಲವೆಡೆ ಶೌಚಾಲಯದ ಬಾಗಿಲಿನ ಮೇಲೆ ಐರಿಶ್ ಪದಗಳಷ್ಟೇ ಇರುತ್ತವೆ: 'ಫಿರ್' ಗಂಡಸರಿಗೆ, 'ಮ್ನಾ' ಹೆಂಗಸರಿಗೆ. ರೋಮನ್ ಲಿಪಿಯ ಎಂ ಅಕ್ಷರ ನೋಡಿ 'ಮೆನ್' ಎಂದುಕೊಂಡು ಒಳಗೆ ನುಗ್ಗುವ ಗಂಡಸರು ಬಹಳ.

ಊಟ ಮೊದಲೇ ಮುಗಿಸಿಕೊಳ್ಳಿ. ನಾಟಕ ಬಿಡುವ ಹೊತ್ತಿಗೆ, ಅಂದರೆ ಹತ್ತರ ಸುಮಾರಿಗೆ, ಹೆಚ್ಚಿನ ಅಡುಗೆಮನೆಗಳು ಮುಚ್ಚಿರುತ್ತವೆ. ಸಸ್ಯಾಹಾರಿಗಳಿಗೆ ಆಮೇಲೆ ಉಳಿಯುವುದು ಚಿಪ್ಸ್ ಅಂಗಡಿ. ಅಂದೇ ಡಬ್ಲಿನ್‌ಗೆ ಮರಳುವವರಿಗೆ ಆ ಹೊತ್ತಿಗೆ ರೈಲು ಸಿಗದು. ತಡರಾತ್ರಿಯ ಕೋಚಿಗೆ ಆಸನ ಕಾದಿರಿಸಿ, ನಿಮ್ಮ ಕೋಚ್ ಹೊರಡುವುದು ರೈಲು ನಿಲ್ದಾಣದ ಬಳಿಯೋ ಫೇರ್‌ಗ್ರೀನ್ ಕೋಚ್ ನಿಲ್ದಾಣದಲ್ಲೋ ಎಂದು ಖಚಿತಪಡಿಸಿಕೊಳ್ಳಿ. ಎರಡೂ ಐರ್ ಸ್ಕ್ವೇರಿನ ಹತ್ತಿರವೇ ಇವೆ. ಜುಲೈ ಮೊದಲ ವಾರಗಳಲ್ಲಾದರೆ ಹತ್ತಕ್ಕೂ ಆಕಾಶದಲ್ಲಿ ಬೆಳಕು ಉಳಿದಿರುತ್ತದೆ. ಚೌಕದಲ್ಲಿ ನಿಂತು ಎರಡೂ ಕಟ್ಟಡಗಳನ್ನು ಮತ್ತೊಮ್ಮೆ ನೋಡಿ ಹೊರಡಬಹುದು.