ಮಟನ್ ಸಾರಿನ ತುಂಡು ಯಾರ ತಟ್ಟೆಗೆ?

ಮಂಡ್ಯದಲ್ಲಿ ಭಾನುವಾರ ಮಟನ್ ಅಂಗಡಿ ಮುಂದೆ ನಿಂತರೆ "ಬನ್ನೂರು ಕುರಿನೇ ತಾನೇ?" ಅನ್ನೋ ಮಾತು ಕೇಳುತ್ತಲೇ ಇರುತ್ತದೆ. ರುಚಿ ಬಗ್ಗೆ ನಮಗೆ ಅಷ್ಟು ಕಾಳಜಿ. ಆದರೆ ಮನೆಗೆ ಬಂದ ಮೇಲೆ ತುಂಡೆಲ್ಲ ಗಂಡಸರಿಗೆ, ಮಕ್ಕಳಿಗೆ ಹೋಗಿ, ಕೊನೆಗೆ ಊಟಕ್ಕೆ ಕೂತ ಹೆಂಗಸರಿಗೆ ಬರೀ ಸಾರು ಉಳಿಯುತ್ತದಲ್ವಾ, ಅದು ನನಗೆ ನಿಜಕ್ಕೂ ಬೇಸರ ತರಿಸುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ. 57 ಮಂದಿಗೆ ರಕ್ತಹೀನತೆ ಇದೆ.

ರಕ್ತಹೀನತೆಗೆ ಒಂದು ಮುಖ್ಯ ಕಾರಣ ಕಬ್ಬಿಣದ ಕೊರತೆ. ಕುರಿ, ಮೇಕೆ ಮಾಂಸದಲ್ಲಿ ಹೀಮ್ ಅನ್ನೋ ಬಗೆಯ ಕಬ್ಬಿಣ ಇರುತ್ತದೆ. ಸೊಪ್ಪು, ಕಾಳಿನ ಕಬ್ಬಿಣಕ್ಕಿಂತ ಇದನ್ನು ನಮ್ಮ ದೇಹ ಸುಲಭವಾಗಿ ಹೀರಿಕೊಳ್ಳುತ್ತದೆ. ಇನ್ನೊಂದು ಚೆಂದದ ವಿಷಯ ಏನಂದರೆ, ಮುದ್ದೆ ಜೊತೆ ನಾಲ್ಕು ತುಂಡು ಮಟನ್ ತಿಂದರೆ ರಾಗಿಯಲ್ಲಿರೋ ಕಬ್ಬಿಣವೂ ಜಾಸ್ತಿ ಮೈಗೆ ಹತ್ತುತ್ತದೆ. ನಮ್ಮ ಹಿರಿಯರ ಊಟ ಸುಮ್ನೆ ಅಲ್ಲ. ಬಿ12, ಸತು, ಒಳ್ಳೆ ಪ್ರೋಟೀನ್ ಕೂಡ ಸಿಗುತ್ತದೆ.

ಹಾಗಂತ ದಿನಾ ತಿನ್ನೋದು ಬೇಡ. ಕುರಿ, ಮೇಕೆಯಂಥ ಕೆಂಪು ಮಾಂಸ ಬೇಯಿಸಿದ ಮೇಲಿನ ತೂಕದಲ್ಲಿ ವಾರಕ್ಕೆ 350ರಿಂದ 500 ಗ್ರಾಂ ದಾಟಬಾರದು ಅಂತ ವಿಶ್ವ ಕ್ಯಾನ್ಸರ್ ಸಂಶೋಧನಾ ನಿಧಿ ಹೇಳುತ್ತದೆ. ಕೊಬ್ಬು ಜಾಸ್ತಿ ಇದ್ದರೆ ತೆಗೆಸಿ. ಈಲಿ (ಲಿವರ್) ತುಂಬಾ ಒಳ್ಳೆಯದು, ಆದರೆ ಅದರಲ್ಲಿ ವಿಟಮಿನ್ ಎ ವಿಪರೀತ ಇರೋದರಿಂದ ಬಸುರಿಯರಿಗೆ ಬೇಡ. ಊಟಕ್ಕೆ ನಿಂಬೆಹಣ್ಣು ಹಿಂಡಿಕೊಳ್ಳಿ. ಕೈ ತೊಳೆದ ತಕ್ಷಣ ಟೀ ಕುಡಿಯಬೇಡಿ, ಕಬ್ಬಿಣ ಹೀರೋದಕ್ಕೆ ಅದು ಅಡ್ಡಿ, ಒಂದು ಗಂಟೆ ಬಿಟ್ಟು ಕುಡಿಯಿರಿ.