ಒಂದೇ ಚೌಕದಲ್ಲಿ ಮುಳುಗಿಹೋಗುವ ತೊರೆ
ಲೆಡ್ನಿಯಾ ಟುಮಾನಾ. ಅಮೆರಿಕದ ಮೊಂಟಾನಾದ ಗ್ಲೇಸಿಯರ್ ನ್ಯಾಷನಲ್ ಪಾರ್ಕ್ ಸುತ್ತಮುತ್ತ, ಹಿಮನದಿ ಕರಗಿದ ನೀರಲ್ಲಿ ಬೆಳೆಯುವ ಸ್ಟೋನ್‌ಫ್ಲೈ ಎಂಬ ಕೀಟ. 2019ರಲ್ಲಿ ಅಲ್ಲಿನ ಕಾನೂನಿನ ರಕ್ಷಣೆ ಸಿಕ್ಕಿತು. ಇದರ ಆವಾಸದ ನಕ್ಷೆ ಮಾಡುವವರು ಮೊದಲು ಎಡವೋದು ಗ್ರಿಡ್‌ನಲ್ಲೇ, ಅಂದರೆ ನಕ್ಷೆಯ ಚೌಕಗಳ ಅಳತೆಯಲ್ಲೇ. ವರ್ಲ್ಡ್‌ಕ್ಲಿಮ್ ಎಂಬ ಜಾಗತಿಕ ಹವಾಮಾನ ದತ್ತಾಂಶದ ಅತಿ ಸಣ್ಣ ಚೌಕವೇ ಸುಮಾರು 1 ಕಿ.ಮೀ.; ಮರಿ ಇರೋದು ಹಿಮದ ಬುಡದ ತುಂಡು ತೊರೆಯಲ್ಲಿ, ಕಲ್ಲಿನಡಿ. ಬಂಡೆ, ಹುಲ್ಲು, ಮಂಜು ಎಲ್ಲಾ ಸೇರಿ ಒಂದೇ ಸರಾಸರಿ!

10 ಅಥವಾ 30 ಮೀಟರ್ ಚೌಕಗಳಿರುವ, ನೆಲದ ಎತ್ತರದ ದತ್ತಾಂಶ ತಗೊಳ್ಳಿ. ಹಿಮದಿಂದ ದೂರವನ್ನು ನೀರಿನ ದಾರಿಯಲ್ಲೇ ಅಳೆಯಿರಿ. ನೇರ ಗೆರೆ ಎಳೆದರೆ ಗುಡ್ಡದಾಚೆಯ ಬೆಚ್ಚಗಿನ ತೊರೆಯೂ ‘ಹತ್ತಿರ’ ಆಗಿಬಿಡುತ್ತೆ. ಹಿನ್ನೆಲೆ ಬಿಂದುಗಳು (ಕೀಟ ಸಿಕ್ಕ ಜಾಗಗಳ ಜೊತೆ ಹೋಲಿಸೋಕೆ ಆರಿಸುವ ಜಾಗಗಳು) ತೊರೆಗಳ ಮೇಲಷ್ಟೇ ಇರಲಿ. ಕಣಿವೆಯ ಕಾಡಿಗೆಲ್ಲ ಚೆಲ್ಲಿದರೆ ಎಯುಸಿ (ಮಾದರಿ ಈ ಎರಡನ್ನೂ ಎಷ್ಟು ಚೆನ್ನಾಗಿ ಬೇರ್ಪಡಿಸುತ್ತೆ ಅನ್ನೋ ಅಂಕ, ಗರಿಷ್ಠ 1) 1ರ ಹತ್ತಿರ ಹೋಗಿ ಮೆರೆಯುತ್ತೆ, ಮಾದರಿ ಕಲಿತಿರೋದು ಮಾತ್ರ ‘ಎತ್ತರದಲ್ಲಿ ಚಳಿ’ ಅಂತ. ಅಷ್ಟು ಹೇಳೋಕೆ ಮ್ಯಾಕ್ಸೆಂಟ್ ಎಂಬ ಆವಾಸ ಊಹಿಸುವ ತಂತ್ರಾಂಶ ಯಾಕೆ ಬೇಕಿತ್ತು?